ಗಂಟೆಗೆ ಹಾಕಿದ ರಬ್ಬರು

ನನ್ನ ನೌಕರಿಯ ಬದುಕೆಲ್ಲ ಸದ್ದು ಅಡಗಿಸುವುದರಲ್ಲೇ ಕಳೆಯಿತು. ನವಿ ಮುಂಬಯಿಯ ಒಂದು ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ಫೋರ್‌ಮನ್ ಆಗಿದ್ದೆ. ಯಂತ್ರ ಕಿರುಗುಟ್ಟಿದರೆ ಎಣ್ಣೆ, ನಡುಗಿದರೆ ರಬ್ಬರು, ಬಡಿದುಕೊಂಡರೆ ಬೈಗುಳ. ಮೊದಲೆರಡು ಯಂತ್ರಕ್ಕೆ, ಮೂರನೆಯದು ಅದನ್ನು ನಡೆಸುವವನಿಗೆ. ನಿವೃತ್ತನಾಗಿ ಥಾಣೆಯ ಮನೆಯಲ್ಲಿ ಕೂತ ಮೇಲೂ ಚಟ ಬಿಡಲಿಲ್ಲ. ಬಾಗಿಲುಗಳಿಗೆಲ್ಲ ಎಷ್ಟು ಎಣ್ಣೆ ಹಾಕಿದ್ದೆನೆಂದರೆ, ನಾನು ಅಡುಗೆಮನೆಗೆ ಬಂದದ್ದು ತಿಳಿಯದೆ ಹೆಂಡತಿ ದಿನಕ್ಕೆರಡು ಸಲ ಬೆಚ್ಚಿಬೀಳುತ್ತಿದ್ದಳು.

"ಕೆಮ್ಮಿಯಾದ್ರೂ ಬನ್ನಿ ಮಾರಾಯ್ರೆ," ಎನ್ನುತ್ತಿದ್ದಳು.

ಇಂಥವನ ಕೈಗೆ ಚರ್ಚಿನ ಗಂಟೆಯನ್ನು ಒಪ್ಪಿಸಿದ್ದು ಯಾರ ತಪ್ಪು? ಖಂಡಿತ ನನ್ನದಲ್ಲ.

ಒಪ್ಪಿಸಿದವರು ಎದುರು ಮನೆಯ ಪೊರ್ಬುಗಳು. ನಮ್ಮ ಉಡುಪಿ ಕಡೆ ಕ್ರಿಶ್ಚಿಯನ್ ಹಿರಿಯರನ್ನು ಕರೆಯುವುದೇ ಹಾಗೆ. ಅವರೂ ಆ ಕಡೆಯವರೇ. ವಯಸ್ಸು ಎಪ್ಪತ್ತು ದಾಟಿತ್ತು, ಹೆಂಡತಿ ತೀರಿಕೊಂಡಿದ್ದರು. ಪಕ್ಕದ ಓಣಿಯ ಸಣ್ಣ ಚರ್ಚಿನಲ್ಲಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಗಂಟೆ ಹೊಡೆಯುವುದು ಅವರ ಕೆಲಸ. ಊಟ, ಮಾತ್ರೆ, ನಿದ್ದೆ ಎಲ್ಲವೂ ಆ ಮೂರು ಹೊತ್ತಿನ ನಡುವೆ ಹೇಗೋ ಜಾಗ ಮಾಡಿಕೊಳ್ಳಬೇಕಿತ್ತು. ವರ್ಷಗಟ್ಟಲೆ ಗಂಟೆಯ ಕೆಳಗೆ ನಿಂತು ಕಿವಿ ಪೂರ್ತಿ ಮಂದವಾಗಿತ್ತು. ಅವರೊಡನೆ ಗುಟ್ಟು ಮಾತಾಡಿದರೆ ಮೂರು ಮಹಡಿಗೆ ಸುದ್ದಿ.

ಒಂದು ಬುಧವಾರ ಮುಖ ಸಣ್ಣದು ಮಾಡಿಕೊಂಡು ಬಂದರು. ಗೋಪುರದಿಂದ ಗಾರೆಯ ಚೂರೊಂದು ಕೆಳಗೆ ಬಿದ್ದಿತ್ತಂತೆ. ಹೊಸದಾಗಿ ಬಂದ ಫಾದರ್ ಗಂಟೆ ನಿಲ್ಲಿಸಿಬಿಟ್ಟಿದ್ದರು. ಬಲ್ಲವರು ಯಾರಾದರೂ ಗಂಟೆ ಸುರಕ್ಷಿತವೆಂದು ಭಾನುವಾರದೊಳಗೆ ಬರೆದುಕೊಟ್ಟರೆ ಸರಿ, ಇಲ್ಲದಿದ್ದರೆ ಅಂದಿನಿಂದ ಸ್ಪೀಕರಿನಲ್ಲಿ ರೆಕಾರ್ಡ್ ಮಾಡಿದ ಗಂಟೆ. ಸ್ಪೀಕರು ಆಗಲೇ ಬಂದು ಕೂತಿತ್ತು.

"ನೀವು ಇಂಜಿನಿಯರ್ ಅಲ್ವಾ?"

"ಫೋರ್‌ಮನ್!" ಎಂದು ಕೂಗಿದೆ.

"ಅದೇ. ಇಂಜಿನಿಯರಿಗಿಂತ ಮೇಲೆ ಅಲ್ವಾ?"

ಈ ಮಾತನ್ನು ಇಡೀ ಕಾರ್ಖಾನೆಯಲ್ಲಿ ಒಬ್ಬನೂ ಆಡಿರಲಿಲ್ಲ. ನಾನು ಕರಗಿಹೋದೆ. ಆದರೆ ಪೊರ್ಬುಗಳು ಹೊಗಳಲು ಬಂದವರಲ್ಲ.

"ಬಟನ್ ಒತ್ತಲಿಕ್ಕೆ ನಾನ್ಯಾಕೆ ಅವರಿಗೆ? ಮತ್ತೆ ಬೆಳಿಗ್ಗೆ ಏಳಲಿಕ್ಕೆ ನಂಗೆ ಎಂತ ಉಂಟು ಹೇಳಿ," ಎಂದರು.

ಪಾಪ ಅನ್ನಿಸಿತು. ಟೂಲ್ ಬ್ಯಾಗ್ ಹುಡುಕಲು ಎದ್ದೆ.

ಗೋಪುರಕ್ಕೆ ಮೆಟ್ಟಿಲಿಲ್ಲ, ಕಬ್ಬಿಣದ ಏಣಿ. ಮೇಲೆ ಒಬ್ಬ ಮನುಷ್ಯ, ಒಂದು ಗಂಟೆ, ಐವತ್ತು ಪಾರಿವಾಳ ಹಿಡಿಯುವಷ್ಟು ಜಾಗ. ನಾನು ಹೋಗುವಾಗ ಪಾರಿವಾಳಗಳು ತಮ್ಮ ಪಾಲಿಗಿಂತ ಹೆಚ್ಚೇ ಹಿಡಿದಿದ್ದವು. ಗೋಡೆಯ ಜಾಲರಿಯಿಂದ ಘೋಡಬಂದರ್ ರಸ್ತೆಯ ಎತ್ತರದ ಕಟ್ಟಡಗಳು ಕಾಣುತ್ತಿದ್ದವು. ಗಂಟೆ ಅಲುಗದಂತೆ ಮರದ ತೊಲೆಗೆ ಬಿಗಿದಿತ್ತು. ಅಲುಗುವುದು ಒಳಗಿನ ಕಬ್ಬಿಣದ ನಾಲಿಗೆ ಮಾತ್ರ. ಅದಕ್ಕೆ ಕಟ್ಟಿದ ಹಗ್ಗ ನೆಲದ ತೂತಿನಿಂದ ಕೆಳಗಿಳಿದು ಪೊರ್ಬುಗಳ ಕೈಗೆ ಸೇರುತ್ತಿತ್ತು.

ತೊಲೆಗೆ ಸ್ಕ್ರೂಡ್ರೈವರ್ ಚುಚ್ಚಿ ಗೆದ್ದಲಿಲ್ಲವೆಂದು ಖಾತ್ರಿ ಮಾಡಿಕೊಂಡೆ. ನಟ್ಟುಗಳನ್ನು ಬಿಗಿದೆ. ಸವೆದ ಹಗ್ಗ ಬದಲಿಸಿದೆ. ಮರದ ಸುತ್ತಿಗೆಯಿಂದ ಗಂಟೆಯ ಅಂಚನ್ನು ಸುತ್ತಲೂ ತಟ್ಟಿ ಆಲಿಸಿದೆ. ಬಿರುಕಿಲ್ಲದ ಲೋಹದ ದನಿ, ಎಲ್ಲ ಕಡೆಯೂ ಒಂದೇ ಸಮ. ಒಂದೇ ಒಂದು ದೋಷ ಸಿಕ್ಕಿತು. ನಾಲಿಗೆ ಬಡಿದು ಬಡಿದು ಗಂಟೆಯ ಒಂದು ಬದಿ ಅಂಗೈಯಗಲ ಸವೆದಿತ್ತು.

ನನಗೆ ಮೈಯೆಲ್ಲ ಉತ್ಸಾಹ. ಲೋಹಕ್ಕೆ ಲೋಹ ತಾಗಿ ಸವೆತ! ಇಂಥದ್ದನ್ನು ಕಾರ್ಖಾನೆಯಲ್ಲಿ ಸಾವಿರ ಸಲ ಕಂಡವನು ನಾನು. ಮರುದಿನ ಲೋಕಲ್ ಹಿಡಿದು ಉಲ್ಹಾಸನಗರದ ಪರಿಚಯದ ವರ್ಕ್‌ಶಾಪಿಗೆ ಹೋಗಿ ದಪ್ಪ ಕನ್ವೇಯರ್ ಬೆಲ್ಟಿನ ತುಂಡು ತಂದೆ. ಶುಕ್ರವಾರ ಅದನ್ನು ನಾಲಿಗೆಯ ಉಂಡೆಗೆ ಬೂಟಿನಂತೆ ತೊಡಿಸಿ ಕ್ಲ್ಯಾಂಪ್ ಬಿಗಿದೆ. ಕೀಲಿಗೆ ಗ್ರೀಸ್ ತುಂಬಿದೆ. ಕೈಯಿಂದ ಮೆಲ್ಲಗೆ ಆಡಿಸಿ ನೋಡಿದೆ. ನಡುಕವಿಲ್ಲ, ಕಿರುಗುಡುವುದಿಲ್ಲ, ಸದ್ದೇ ಇಲ್ಲ. ತೃಪ್ತಿಯಾಯಿತು.

ಓದುವವರು ಈಗಾಗಲೇ ನಗುತ್ತಿರಬಹುದು. ನಗಲಿ. ಆ ಹೊತ್ತಿನಲ್ಲಿ ನನಗೆ ಹೊಳೆಯಲಿಲ್ಲ ಎಂಬುದು ದೇವರಾಣೆಗೂ ಸತ್ಯ.

ಕೆಲಸ ನಡೆದಷ್ಟು ದಿನವೂ ಕೆಳಗೆ ಹಗ್ಗಕ್ಕೆ 'ಮುಟ್ಟಬೇಡಿ, ಮೇಲೆ ಮನುಷ್ಯನಿದ್ದಾನೆ' ಎಂಬ ಕೆಂಪು ಫಲಕ ತೂಗುಹಾಕಿದ್ದೆ, ಕಾರ್ಖಾನೆಯ ಶಿಸ್ತು. ಶನಿವಾರ ಅದನ್ನು ತೆಗೆದು ಫಾದರ್ ಕೈಗೆ ಎರಡು ಪುಟದ ವರದಿ ಕೊಟ್ಟೆ. ಕೊನೆಯ ಸಾಲಿಗೆ ನಾನೇ ಅಡಿಗೆರೆ ಎಳೆದಿದ್ದೆ: 'ಲೋಹದಿಂದ ಲೋಹಕ್ಕೆ ತಾಗುವುದನ್ನು ಸಂಪೂರ್ಣ ನಿವಾರಿಸಲಾಗಿದೆ.'

"ಬಹುತ್ ಬಢಿಯಾ ಅಂಕಲ್," ಎಂದರು ಫಾದರ್. ವಸಾಯಿ ಕಡೆಯ ಒಳ್ಳೆಯ ಮನುಷ್ಯ. ಅವರಿಗೂ ಹೊಳೆಯಲಿಲ್ಲ.

ಭಾನುವಾರ ಬೆಳಿಗ್ಗೆ ಪೂಜೆಗೆ ಮೊದಲು ಗಂಟೆಯ ಪರೀಕ್ಷೆ. ಅಂಗಳದಲ್ಲಿ ಫಾದರ್, ಚರ್ಚಿನ ಕಮಿಟಿಯವರು, ಒಗೆದ ಸಫಾರಿ ತೊಟ್ಟ ನಾನು, ಪಕ್ಕದಲ್ಲಿ ನನ್ನ ಹೆಂಡತಿ. ಗೋಪುರದ ಬಾಗಿಲಲ್ಲಿ ಇಸ್ತ್ರಿ ಮಾಡಿದ ಅಂಗಿಯಲ್ಲಿ ಪೊರ್ಬುಗಳು. ಶಿಲುಬೆಯ ಗುರುತು ಹಾಕಿಕೊಂಡು ಹಗ್ಗ ಜಗ್ಗಿದರು.

ಬದ್.

ಮೇಲಿನ ಮಹಡಿಯಲ್ಲಿ ಯಾರೋ ಹಾಸಿಗೆ ಕೆಡವಿದಂತೆ ಕೇಳಿಸಿತು. ಪಾರಿವಾಳಗಳೂ ಏಳಲಿಲ್ಲ. ಪೊರ್ಬುಗಳು ಮತ್ತೆ ಜಗ್ಗಿದರು. ಬದ್.

"ಕ್ರ್ಯಾಕ್ ಹೋ ಗಯಾ," ಎಂದರು ಕಮಿಟಿಯವರೊಬ್ಬರು. ಫಾದರ್ ನಿಟ್ಟುಸಿರಿಟ್ಟು ಸ್ಪೀಕರ್ ಕಡೆ ತಿರುಗಿದರು.

ಆಗ ನನ್ನ ತಲೆಯೊಳಗೆ ಗಂಟೆ ಹೊಡೆಯಿತು. ಆ ಭಾನುವಾರ ಹೊಡೆದ ಮೊದಲ ಗಂಟೆ ಅದೇ. "ಏಕ್ ಮಿನಿಟ್ ಫಾದರ್! ಬಟನ್ ಮತ್ ದಬಾವೋ!" ಎಂದು ಅರಚಿ ಏಣಿ ಹತ್ತಿದೆ. ಅರವತ್ತೆರಡರ ಮಂಡಿ, ಬಿಗಿಯಾದ ಸಫಾರಿ. ಅರ್ಧದಲ್ಲಿ ಒಂದು ಗುಂಡಿ ಕಿತ್ತು ಕೆಳಗೆ ಬಿತ್ತು.

ಮೇಲೆ ತಲುಪಿದಾಗ ನಾಲಿಗೆ ಇನ್ನೂ ಆಡುತ್ತಲೇ ಇತ್ತು. ಪೊರ್ಬುಗಳು ಜಗ್ಗುವುದನ್ನು ನಿಲ್ಲಿಸಿರಲಿಲ್ಲ. "ನಿಲ್ಲಿಸಿ!" ಎಂದು ತೂತಿಗೆ ಬಾಯಿಟ್ಟು ಕೂಗಿದೆ. ಕಿವುಡರಿಗೆ ಏನು ಕೇಳುತ್ತದೆ? ನೌಕರಿಯುದ್ದಕ್ಕೂ ಕಂಡಕಂಡವರಿಗೆ ಬೋಧಿಸಿದ ಕೆಂಪು ಫಲಕವನ್ನು ಹಗ್ಗಕ್ಕೆ ಹಾಕದೆ ನಾನೇ ಹತ್ತಿ ಬಂದಿದ್ದೆ. ಬೇರೆ ದಾರಿ ಕಾಣದೆ ನಾಲಿಗೆಯನ್ನೇ ಎರಡು ಕೈಯಿಂದ ತಬ್ಬಿ ಹಿಡಿದೆ. ಕೆಳಗಿನಿಂದ ಒಮ್ಮೆ ಜಗ್ಗಿದರು, ನಾನು ಮೇಲಿನಿಂದ ಜಗ್ಗಿದೆ. ಹಗ್ಗ ಸುಮ್ಮನಾಯಿತು.

ಕ್ಲ್ಯಾಂಪ್ ಬಿಚ್ಚಿ ರಬ್ಬರು ಕಿತ್ತೆಸೆದು, ಹಗ್ಗವನ್ನು ಎರಡು ಸಲ ಮೆಲ್ಲಗೆ ಎಳೆದೆ. ಪೊರ್ಬುಗಳಿಗೆ ಅರ್ಥವಾಯಿತು. ನನ್ನ ಕಿವಿ ಮುಚ್ಚಿಕೊಳ್ಳುವಷ್ಟೂ ಪುರಸೊತ್ತು ಕೊಡಲಿಲ್ಲ.

ಢಣ್!

ಐವತ್ತೂ ಪಾರಿವಾಳಗಳು ನನ್ನ ಮುಖದ ಮೇಲಿಂದಲೇ ಹಾರಿದವು. ಕೆಳಗೆ ಜನ ಚಪ್ಪಾಳೆ ತಟ್ಟಿದರಂತೆ; ನನಗೆ ಎರಡು ದಿನ ಏನೂ ಕೇಳಿಸಲಿಲ್ಲವಾದ್ದರಿಂದ ಇದು ಹೆಂಡತಿ ಹೇಳಿದ ಮಾತು. ಸ್ಪೀಕರನ್ನು ಫಾದರ್ ಹೌಸಿ ಆಟದ ಸಂಖ್ಯೆ ಕೂಗಲು ಕೊಟ್ಟರು. ಸವೆತಕ್ಕೆ ಮದ್ದು ರಬ್ಬರಲ್ಲ, ಗಂಟೆಯನ್ನು ಕಾಲು ಸುತ್ತು ತಿರುಗಿಸಿ ಹೊಸ ಬದಿಯನ್ನು ನಾಲಿಗೆಯೆದುರು ತರುವುದು ಎಂದು ವಿಚಾರಿಸಿ ತಿಳಿದು, ಮುಂದಿನ ವಾರ ಹಾಗೆಯೇ ಮಾಡಿಸಿದೆ.

ನನ್ನ ಕಿವಿ ಸರಿಯಾದ ಮರುದಿನವೇ ಪೊರ್ಬುಗಳು ಮನೆಗೆ ಬಂದಿದ್ದರು. ಬೈಯಲಿಕ್ಕೇ ಬಂದರೆಂದುಕೊಂಡೆ. ಚಹಾ ಮುಟ್ಟದೆ ಕೂತಿದ್ದರು.

"ಆವತ್ತು ಸದ್ದಿಲ್ಲ ಅಂತ ಎಲ್ಲರ ಮುಖ ನೋಡಿಯೂ ಗೊತ್ತಾಗಲಿಲ್ವಾ? ಯಾಕೆ ಜಗ್ತಾ ಇದ್ರಿ?" ಎಂದು ಕೇಳಿದೆ, ಕೂಗಿ.

"ನಾನು ಯಾರ ಮುಖವನ್ನೂ ನೋಡ್ಲಿಲ್ಲ," ಎಂದರು. ಬಲಗೈ ಬಿಚ್ಚಿ ನೋಡಿಕೊಂಡರು. ಅಂಗೈಯಲ್ಲಿ ಹಗ್ಗ ಎಳೆದ ಗೆರೆ ದಪ್ಪಗೆ ಜಡ್ಡುಗಟ್ಟಿತ್ತು. "ಗಂಟೆ ನಂಗೆ ಕಿವಿಯಲ್ಲಿ ಸರಿಯಾಗಿ ಕೇಳದೆ ಎಷ್ಟು ವರ್ಷ ಆಯ್ತೋ. ಹೊಡೆದ್ರೆ ಹಗ್ಗದಲ್ಲಿ ಒಂದು ನಡುಕ ಬರ್ತದೆ, ಕೈಗೆ ಕೇಳ್ತದೆ. ಆವತ್ತು ಅದೂ ಬರ್ಲಿಲ್ಲ. ನನ್ನ ಕೈಯೂ ಕಿವುಡಾಯ್ತು ಅಂತ ಹೆದರಿಬಿಟ್ಟೆ ಮಾರಾಯ್ರೆ. ಅದಕ್ಕೇ ಜಗ್ತಾ ಇದ್ದೆ."

ನಡುಕ ಕಂಡಲ್ಲೆಲ್ಲ ರಬ್ಬರು ತುರುಕಿದವನು ನಾನು. ಎದ್ದು ಹೋಗಿ ವರದಿಯ ನನ್ನ ಪ್ರತಿ ತಂದು, ಅಡಿಗೆರೆ ಎಳೆದ ಸಾಲನ್ನು ಹೊಡೆದುಹಾಕಿ ಅದರ ಕೆಳಗೆ ಬರೆದೆ: 'ನಡುಕ ಇದೆ. ತೆಗೆಯಕೂಡದು.'