ಅಪ್ಪ ಕೂರುತ್ತಿದ್ದ ಗಿಡ್ಡ ಸ್ಟೂಲು

ಎಪ್ಪತ್ತೆಂಟನೇ ಇಸವಿ, ಮೇ ತಿಂಗಳ ಕೊನೆಯ ಭಾನುವಾರ, ಬೆಳಗ್ಗೆ ಹತ್ತು ಗಂಟೆ. ಬೊಮ್ಮನಹಳ್ಳಿಯ ಆ ಶೂ ಅಂಗಡಿಯಲ್ಲಿ ಗಿರಾಕಿಗಳನ್ನು ಬಿಟ್ಟರೆ ಇದ್ದವರು: ಗಲ್ಲಾದಲ್ಲಿ ಓನರು, ಸಿಮೆಂಟು ನೆಲದ ಮೇಲೆ ಮಂಡಿಯೂರಿದ್ದ ನನ್ನ ಅಪ್ಪ, ಗೋಡೆ ಬದಿಯ ಬೆಂಚಿನ ಮೇಲೆ ಅಜ್ಜಿ, ಅವಳ ಪಕ್ಕದಲ್ಲಿ ಹತ್ತು ವರ್ಷದ ನಾನು. ಅಪ್ಪನನ್ನು ಆ ಕೆಲಸದಿಂದ ಬಿಡಿಸಿಕೊಂಡೇ ಬರುತ್ತೇನೆಂದು ಅಜ್ಜಿ ಹೊರಟು ಬಂದಿದ್ದಳು.

ಕಳೆದ ವಾರ ಮಹದೇವಪುರದ ದೊಡ್ಡ ಅಂಗಡಿಯೊಂದರಲ್ಲಿ ಮೊಮ್ಮಗಳಿಗೆ ಶೂ ಕೊಳ್ಳುವಾಗ, ಡಬ್ಬದ ಮುಚ್ಚಳ ತೆಗೆದೊಡನೆ ಆ ಭಾನುವಾರ ಮೂಗಿಗೆ ಬಂತು. ಹೊಸ ರಬ್ಬರು, ಅಂಟು, ಚರ್ಮ, ಒಳಗೆ ತುರುಕಿದ ತೆಳು ಕಾಗದ ಎಲ್ಲ ಸೇರಿದ ಅದೇ ವಾಸನೆ. ಸಂಜೆ ಅಪ್ಪ ಹಿತ್ತಲ ಬಾಗಿಲಲ್ಲಿ ನಿಂತರೆ ಮೊದಲು ಒಳಗೆ ಬರುತ್ತಿದ್ದದ್ದು ಅದು. ಅಂಗಡಿಯಲ್ಲಿ ಸಮವಸ್ತ್ರದ ಹುಡುಗಿಯೊಬ್ಬಳು ಕಪಾಟಿನ ಕಡೆ ಕೈ ತೋರಿಸಿ, ನಂಬರು ಹಿಂದೆ ಬರೆದಿದೆ, ನೀವೇ ನೋಡಿಕೊಳ್ಳಿ ಎಂದಳು. ನನಗೆ ಸಿಟ್ಟು ಬಂತು. ಆಮೇಲೆ ನೋಡಿದೆ: ಅಷ್ಟು ದೊಡ್ಡ ಮಹಡಿಗೆ ಅವಳೊಬ್ಬಳೇ. ಒಂದು ಕಾಲಿನ ಭಾರ ಇನ್ನೊಂದಕ್ಕೆ ಬದಲಿಸುತ್ತಾ ನಿಂತಿದ್ದಳು. ಒಂದು ಗಳಿಗೆ ಕೂತುಕೋ ಮಗಾ ಎಂದರೆ, "ಕೂರಂಗಿಲ್ಲ ಮೇಡಂ, ಕ್ಯಾಮೆರಾ ಇದೆ" ಅಂದಳು. ಸಿಟ್ಟು ಅವಳ ಮೇಲಿಂದ ಇಳಿಯಿತು, ಆದರೆ ಪೂರ್ತಿ ಹೋಗಲಿಲ್ಲ.

ನಮ್ಮದು ಸಿಂಗಸಂದ್ರದ ರಾಗಿ ಹೊಲದ ಮನೆ. ಹೊಲದಿಂದ ವರ್ಷ ಪೂರ್ತಿ ಹೊಟ್ಟೆ ತುಂಬುತ್ತಿರಲಿಲ್ಲವಾದ್ದರಿಂದ ಅಪ್ಪ ಸೈಕಲ್ಲು ತುಳಿದುಕೊಂಡು ಈ ಅಂಗಡಿಗೆ ಹೋಗುತ್ತಿದ್ದ. ಅಜ್ಜಿಗೆ ಇದು ಆಗದು. ಚರ್ಮ ಮುಟ್ಟುವುದು, ಕಂಡವರ ಕಾಲು ಹಿಡಿಯುವುದು, ಅದೂ ಅವಳ ಹೊಟ್ಟೆಯಲ್ಲಿ ಹುಟ್ಟಿದವನು. ಮನೆಗೆ ಅವಳೊಂದು ಕಟ್ಟಳೆ ಮಾಡಿದ್ದಳು: ಅಂಗಡಿಯಿಂದ ಬಂದವನು ಹಿತ್ತಲಲ್ಲಿ ತಲೆ ಮೇಲೆ ನೀರು ಹುಯ್ದುಕೊಳ್ಳದೆ ಒಳಗೆ ಕಾಲಿಡುವಂತಿಲ್ಲ. ಆ ನೀರು ತುಂಬಿಸಿ ಕಾಯಿಸುವುದು ನನ್ನ ಕೆಲಸ. ದಿನಾ ಸಂಜೆ ಬಾವಿಯಿಂದ ಆರು ಬಿಂದಿಗೆ, ತಾಮ್ರದ ಹಂಡೆಗೆ. ಹಂಡೆಯ ಕೆಳಗೆ ತೊಗರಿಕಡ್ಡಿಯ ಹೊಗೆ, ಅಡುಗೆಮನೆಯಲ್ಲಿ ಅಮ್ಮ ಕುದಿಸುತ್ತಿದ್ದ ಹುರುಳಿ ಸಾರಿನ ಘಮ, ಬೇಲಿಯಾಚೆ ಹೊಸೂರು ರಸ್ತೆಯ ಲಾರಿಗಳ ಸದ್ದು. ಅಪ್ಪ ತಪ್ಪದೆ ಮೀಯುತ್ತಿದ್ದ, ಚಳಿಗಾಲದಲ್ಲೂ.

ಅಂಗಡಿಯಲ್ಲಿ ಅವನ ಕಟ್ಟಳೆ ಬೇರೆ. ಮುಂದುಗಡೆ ಇಳಿಜಾರು ಹಲಗೆಯಿದ್ದ ಒಂದು ಗಿಡ್ಡ ಸ್ಟೂಲು ಅವನದು. ಗಿರಾಕಿಯನ್ನು ಬೆಂಚಿನ ಮೇಲೆ ಕೂರಿಸಿ, ತಾನು ಸ್ಟೂಲಿನ ಮೇಲೆ ಕೂತು, ಅವರ ಪಾದವನ್ನು ಹಲಗೆಯ ಮೇಲೆ ಇರಿಸಿಕೊಂಡು ಬಟ್ಟೆಯಲ್ಲಿ ಧೂಳು ಒರೆಸುತ್ತಿದ್ದ. ಎರಡೂ ಪಾದ ಅಳೆಯುತ್ತಿದ್ದ, ಯಾರಿಗೂ ಎರಡು ಪಾದ ಒಂದೇ ಸಮ ಇರುವುದಿಲ್ಲವೆಂದು ಹೇಳುತ್ತಿದ್ದ. ಶೂ ಹಾಕಿಸಿ ಮುಂದಿನ ತುದಿಯನ್ನು ಹೆಬ್ಬೆರಳಿಂದ ಒತ್ತಿ ನೋಡಿ, ಬಾಗಿಲ ತನಕ ಹೋಗಿ ಬನ್ನಿ ಅನ್ನುತ್ತಿದ್ದ. ನಡಿಗೆ ಸರಿಯಿಲ್ಲದಿದ್ದರೆ ಗಿರಾಕಿ ಬೇಕೆಂದರೂ ಕೊಡುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಓನರು ಇನ್ನೊಬ್ಬ ಸೇಲ್ಸ್‌ಮ್ಯಾನನ್ನು ಬಿಡಿಸಿದರು. ಇಬ್ಬರ ಕೆಲಸ ಅಪ್ಪನ ಮೇಲೆ ಬಿತ್ತು, ಸಂಬಳ ಇದ್ದಷ್ಟೇ. ಸ್ಕೂಲು ಶುರುವಾಗುವ ಮುಂಚಿನ ಆ ಭಾನುವಾರದ ವ್ಯಾಪಾರಕ್ಕೆಂದು ಶನಿವಾರವೇ ಡಬ್ಬಗಳನ್ನೆಲ್ಲ ನಂಬರಿನ ಪ್ರಕಾರ ನೆಲದ ಮೇಲೆ ಹರವಿಸಿ, ಜನ ತಾವೇ ಆರಿಸಿಕೊಳ್ಳಲಿ, ಅಳತೆ ಗಿಳತೆ ಬೇಡ ಎಂದರು. ಸ್ಟೂಲು ಅಟ್ಟ ಸೇರಿತು. ಈ ಸುದ್ದಿ ಅಂದು ರಾತ್ರಿಯೇ ಮನೆಗೆ ಬಂತು. ಅಜ್ಜಿಯ ತಮ್ಮ ಕಾರ್ಖಾನೆಯೊಂದರಲ್ಲಿ ವಾಚ್‌ಮನ್ ಕೆಲಸ ಹೇಳಿಟ್ಟಿದ್ದ. "ಗೇಟ್ ಕಾಯದಾದ್ರೂ ನಿಂತ್ಕೊಂಡ್ ಕಾಯ್ಬೋದು ಕಣ್ಲಾ, ಮಂಡಿ ಊರ್ಬೇಕಾಗಿಲ್ಲ" ಎಂದಳು ಅಜ್ಜಿ. ಬೆಳಗ್ಗೆ ಅಪ್ಪ ಎಂದಿನ ಹೊತ್ತಿಗೆ ಎದ್ದು, ಎಂದಿನ ಬಿಳಿ ಅಂಗಿ ಹಾಕಿಕೊಂಡು ಹೋದ. ಅವನ ಹಿಂದೆಯೇ ಬಸ್ಸಿನಲ್ಲಿ ಅಜ್ಜಿ, ನಾನು.

ಅಂಗಡಿ ಸಂತೆಯಂತಿತ್ತು. ಜನ ಡಬ್ಬ ಕಿತ್ತಾಡುತ್ತಿದ್ದರು, ಮಕ್ಕಳು ಒಂಟಿ ಶೂ ಹಾಕಿಕೊಂಡು ಜೊತೆಯದನ್ನು ಹುಡುಕುತ್ತಿದ್ದರು. ಊದುಬತ್ತಿ ಕಾರ್ಖಾನೆಯ ಹೆಂಗಸೊಬ್ಬಳು, ಬೆರಳೆಲ್ಲ ಕರಿ, ಮಗಳಿಗೆ ಎರಡು ನಂಬರು ದೊಡ್ಡ ಶೂ ಎತ್ತಿಕೊಂಡಿದ್ದಳು. ಮುಂದಿನ ವರ್ಷಕ್ಕೂ ಬರಲಿ ಎಂದು. ಅಪ್ಪ ಅವಳ ಕೈಯಿಂದ ಅದನ್ನು ಮೆಲ್ಲಗೆ ತೆಗೆದುಕೊಂಡು, ಬರೀ ನೆಲದ ಮೇಲೆ ಮಂಡಿಯೂರಿ, ಮಗುವಿನ ಪಾದವನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡ.

"ಏನಯ್ಯಾ ನಂಜಪ್ಪ, ಹೇಳಿದ್ದೇನು ನಿಂಗೆ?" ಎಂದರು ಓನರು. "ಹಿಂಗೇ ಮಾಡೋದಾದ್ರೆ ನಾಳೆಯಿಂದ ಬರಬೇಡ."

ಅಪ್ಪ ತಲೆ ಎತ್ತಲಿಲ್ಲ. "ಆಯ್ತು ಸಾರ್. ಇದೊಂದು ಪಾದ ಮುಗಿಸ್ತೀನಿ."

ಮುಗಿಸಿದ. ಮಗು ಬಾಗಿಲ ತನಕ ನಡೆದು ಬಂತು. ಆಮೇಲೆ ಇನ್ನೊಂದು ಮಗು, ಇನ್ನೊಂದು ಪಾದ. ಓನರು ಮತ್ತೆ ಗದರಿದರು, ಅಪ್ಪ ಮತ್ತೆ ಅದೇ ಉತ್ತರ ಕೊಟ್ಟ. ಊಟದ ಹೊತ್ತು ದಾಟಿತು. ನಾನು ತಂದ ಕ್ಯಾರಿಯರು ತೆರೆಯಲೇ ಇಲ್ಲ. ಅವನ ಪ್ಯಾಂಟಿನ ಮಂಡಿ ಸವೆದು ಬೂದಿ ಬಣ್ಣಕ್ಕೆ ತಿರುಗಿತ್ತು. ಏಳುವಾಗಲೆಲ್ಲ ಗೋಡೆ ಹಿಡಿಯುತ್ತಿದ್ದ. ಕಿತ್ತಾಡುತ್ತಿದ್ದ ಜನ ಯಾವಾಗಲೋ ಡಬ್ಬ ಬಿಟ್ಟು ಅವನ ಮುಂದೆ ಸಾಲಾಗಿ ನಿಂತಿದ್ದರು.

ಅಜ್ಜಿ ಬೆಳಗ್ಗೆಯಿಂದ ಬೆಂಚು ಬಿಟ್ಟಿರಲಿಲ್ಲ, ಅಪ್ಪನನ್ನೇ ನೋಡುತ್ತಿದ್ದಳು. ಮೂರು ಗಂಟೆಗೆ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗಲ್ಲಾದ ಮುಂದೆ ನಿಂತಳು. ಈಗ ಬಿಡಿಸುತ್ತಾಳೆ ಎಂದುಕೊಂಡು ನಾನು ಕ್ಯಾರಿಯರು ಎತ್ತಿಕೊಂಡೆ.

"ಸಾಮಿ," ಎಂದಳು, "ನನ್ ಮಗ ಬೆಳಗಿಂದ ಮಂಡಿ ಮ್ಯಾಗವ್ನೆ. ಆ ಮಣೆ ಎಲ್ ಮಡಗಿದ್ದೀರಿ?"

ಓನರು ಅವಳನ್ನು ನೋಡಿದರು, ಸಾಲನ್ನು ನೋಡಿದರು. ಸಾಲಿನಲ್ಲಿದ್ದವರೂ ಅವರನ್ನೇ ನೋಡುತ್ತಿದ್ದರು. ಕೊನೆಗೆ ಅಟ್ಟದ ಕಡೆ ಗದ್ದ ಎತ್ತಿ ತೋರಿಸಿದರು. ಏಣಿ ಅಜ್ಜಿ ಹಿಡಿದಳು, ಹತ್ತಿದವಳು ನಾನು. ಸ್ಟೂಲನ್ನು ಅವಳೇ ಸೆರಗಿನಲ್ಲಿ ಒರೆಸಿ ಅಪ್ಪನ ಹಿಂದೆ ಇಟ್ಟಳು. "ಕೂತ್ಕೊಂಡ್ ಮಾಡ್ಲಾ." ಅಪ್ಪ ಕೂತ. ಒಮ್ಮೆ ಅವಳ ಮುಖ ನೋಡಿ, ಮುಂದಿನ ಪಾದವನ್ನು ಹಲಗೆಯ ಮೇಲೆ ಇರಿಸಿಕೊಂಡ. ಆ ದಿನದ ಕೊನೆಯ ಜೋಡಿ ನನ್ನದು. ನನಗೂ ಎರಡೂ ಪಾದ ಅಳೆದ, ನನ್ನನ್ನೂ ಬಾಗಿಲ ತನಕ ನಡೆಸಿದ.

ಗೆದ್ದೆವು ಎಂದು ಹೇಳಲಾರೆ. ಅಪ್ಪನ ಕೆಲಸವೇನೋ ಉಳಿಯಿತು, ಆದರೆ ಎರಡು ವರ್ಷಕ್ಕೆ ಆ ಅಂಗಡಿಯೇ ಮುಚ್ಚಿತು. ಅಪ್ಪ ಕೊನೆಗೆ ಗೇಟು ಕಾಯಲೇ ಹೋದ. ನಿಂತೇ ಕಾದ, ಮಂಡಿ ಪೂರ್ತಿ ಹೋಗುವ ತನಕ. ಸಿಂಗಸಂದ್ರದ ಮನೆ ಇದ್ದ ಜಾಗದಲ್ಲಿ ಈಗ ನಾಲ್ಕು ಮಹಡಿಯ ಕಟ್ಟಡವಿದೆ. ಬಾವಿ ಎಲ್ಲಿತ್ತೆಂದು ನನಗೂ ಗುರುತು ಸಿಗದು. ಕಳೆದ ವಾರ ಮೊಮ್ಮಗಳ ಪಾದಕ್ಕೆ ನಾನೇ ನೆಲದ ಮೇಲೆ ಕೂತೆ. ಆಮೇಲೆ ಮ್ಯಾನೇಜರನ್ನು ಕರೆಸಿ, ಆ ಹುಡುಗಿಗೊಂದು ಸ್ಟೂಲು ಕೊಡಿ ಎಂದೆ. ನೋಡೋಣ ಎಂದರು. ಪ್ರತಿ ತಿಂಗಳ ಮೊದಲ ಸೋಮವಾರ ಮತ್ತೆ ಹೋಗುತ್ತೇನೆ, ಕೊಡುವ ತನಕ ಹೋಗುತ್ತೇನೆ.

ಆ ಭಾನುವಾರ ನಾನೂ ಅಜ್ಜಿಯೂ ಬಸ್ಸಿನಲ್ಲಿ ಮೊದಲೇ ಮನೆ ಸೇರಿದೆವು. ನಾನು ಆರು ಬಿಂದಿಗೆ ಸೇದಿ ಹಂಡೆ ತುಂಬಿಸಿದೆ. ಒಲೆ ಹಚ್ಚುವ ಮೊದಲೇ ಸೈಕಲ್ಲಿನ ಸದ್ದಾಯಿತು. ಅಪ್ಪ ಎಂದಿನಂತೆ ಹಿತ್ತಲಿಗೆ ಬಂದು ಅಂಗಿಯ ಗುಂಡಿ ಬಿಚ್ಚತೊಡಗಿದ. ಒಳಗಿನಿಂದ ಅಜ್ಜಿ ಕೂಗಿದಳು: "ಕೈಕಾಲ್ ತೊಳ್ಕೊಂಡ್ ಬಾರ್ಲಾ ಸಾಕು, ಮುದ್ದೆ ಆರೋಯ್ತದೆ." ಅಪ್ಪ ಬಿಚ್ಚಿದ್ದ ಗುಂಡಿಯನ್ನು ಮತ್ತೆ ಹಾಕಿಕೊಂಡ. ಆಮೇಲೆ ಒಂದು ಚೊಂಬು ನೀರು ತೆಗೆದುಕೊಂಡು, ಕೈಕಾಲು ತೊಳೆದು, ಆ ವಾಸನೆಯ ಸಮೇತ ಒಳಗೆ ಹೋದ.

ಉಳಿದ ನೀರನ್ನು ನಾನು ಬದನೆ ಗಿಡಗಳ ಬುಡಕ್ಕೆ ಹಾಕಿ, ಹಂಡೆಯನ್ನು ಬೋರಲು ಹಾಕಿದೆ.