ತಳ ಕಳೆದ ದನಿ

ಗಂಟಲಿನ ಆಪರೇಷನ್ ಆದರೆ ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದು ಡಾಕ್ಟರ್ ಹೇಳಿದ ಮೇಲೆ ನನ್ನ ಯಜಮಾನರು ಸುರಪುರದಲ್ಲಿ ಒಂದು ಕೊನೆಯ ಭಜನೆಗೆ ಒಪ್ಪಿಕೊಂಡರು. ಶಹಾಪುರದಲ್ಲಿ ಮಾಸ್ತರಾಗಿ ರಿಟೈರ್ ಆದವರು, ತತ್ವಪದವೆಂದರೆ ಪ್ರಾಣ. ಕಾನ್ವೆಂಟಿನ ಚರ್ಚಿನಲ್ಲಿ ಇಂಗ್ಲಿಷ್ ಹಿಮ್ಸ್ ಹಾಡಿ ಬೆಳೆದ ನಾನು ಮದುವೆಯಾಗಿ ಬಂದಾಗ, ಅರ್ಥವಾಗದೆಯೂ ಸೋತದ್ದು ಆ ದನಿಯ ತಳಕ್ಕೆ. ಪ್ಯೂರ್ ಬೇಸ್! ಪಕ್ಕದಲ್ಲಿ ಕೂತರೆ ನಮ್ಮ ಪಕ್ಕೆಲುಬಿಗೇ ತಾಗುತ್ತಿತ್ತು. ರೋಗದಿಂದ ಈಗ ಒರಟಾಗಿದ್ದರೂ ತಳ ಅಲುಗಿರಲಿಲ್ಲ. ಅದನ್ನು ರೆಕಾರ್ಡ್ ಮಾಡಿಟ್ಟುಕೊಳ್ಳಬೇಕು, ಅಷ್ಟೇ ನನ್ನ ಆಸೆ. ಮೈಕುಗಳ ಸದ್ದೆಲ್ಲ ಬಂದು ಸೇರುವ ಮಿಕ್ಸರಿನಿಂದ ಸೀದಾ ಪೆನ್‌ಡ್ರೈವಿಗೆ ಇಳಿಸಿಕೊಡಲು ಯಾದಗಿರಿಯ ಸೌಂಡಿನವನು ಒಪ್ಪಿದ್ದ.

ನಮ್ಮ ಕಡೆ ಭಜನೆಯವರು ಕೂತು ಹಾಡುವುದು ಸ್ವಲ್ಪ ಹೊತ್ತು. ರಂಗೇರಿದರೆ ಎದ್ದು ಕುಣಿಯುತ್ತಾರೆ. ಖಾಲಿ ಬ್ಯಾರಲ್ಲುಗಳ ಮೇಲೆ ಹಲಗೆ ಹಾಸಿದ ಸ್ಟೇಜು. ಕಾಲಿನ ಪೆಟ್ಟೆಲ್ಲ ಮೈಕಿನ ಸ್ಟ್ಯಾಂಡಿಗೆ ಹತ್ತಿ ಸ್ಪೀಕರು ಗುಮ್ಮೆನ್ನತೊಡಗಿತು.

"ಏ ತಮ್ಮಾ, ಇದು ಭಜನಿಯೇನೋ, ಜ್ವಾಳ ಕುಟ್ಟಾದೇನೋ? ನನ್ನ ಮಾತು ಹಿಂದ ಕೂತವ್ರಿಗೆ ಮುಟ್ಟವಲ್ದು," ಎಂದು ಯಜಮಾನರು ಮೈಕಿನಲ್ಲೇ ಸೌಂಡಿನವನನ್ನು ಗದರಿದರು.

"ಕುಣಿಯೋರ ಕಾಲ್ ಕಟ್ರಿ ಸರ್, ನಾ ಏನ್ ಮಾಡ್ಲಿ?"

"ಕಾಲ್ ಕಟ್ಟಿದ್ರ ಭಜನಿ ಎಲ್ಲಿ ಉಳೀತದ? ಆ ಗುಂಯ್ ಅನ್ನಾದು ತೆಗಿ."

ಜನ ನಕ್ಕರು. ಆತ ಯಜಮಾನರ ಮೈಕಿಗೆ ಹೈ-ಪಾಸ್ ಫಿಲ್ಟರ್ ಹಾಕಿ ಗುಂಡಿ ತಿರುಗಿಸುತ್ತ ಹೋದ. ಕೆಳಗಿನ ಸದ್ದನ್ನು ತಡೆದು ಮೇಲಿನದನ್ನಷ್ಟೇ ಬಿಡುವ ಜರಡಿ ಅದು. ಕಾಲಿನ ಸಪ್ಪಳ ಮಾಯವಾಯಿತು. ಒಂದೊಂದು ಪದವೂ ತೊಳೆದ ಹಾಗೆ ಕೇಳಿಸಿತು. ಸ್ಟೇಜಿಗೆ ಅಂಟಿಕೊಂಡೇ ಕೂತಿದ್ದ ನನಗೆ ಅವರ ಸ್ವಂತ ದನಿಯೂ ನೇರ ತಾಗುತ್ತಿತ್ತಲ್ಲ, ಏನೂ ಗೊತ್ತಾಗಲಿಲ್ಲ.

ಆಪರೇಷನ್ ಆಗಿ ಅವರು ಕೊರಳಲ್ಲಿ ಉಸಿರಾಡುವ ತೂತು ಹೊತ್ತು ಕಲಬುರಗಿಯ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಪೆನ್‌ಡ್ರೈವ್ ಹಾಕಿದೆ. ಯಾರೋ ತೆಳು ದನಿಯ ಮನುಷ್ಯ ಹಾಡುತ್ತಿದ್ದ. ಟೀವಿಯ ಬೇಸ್ ಪೂರಾ ಏರಿಸಿದರೂ ಅವನೇ. ಸೌಂಡಿನವನಿಗೆ ಫೋನ್ ಮಾಡಿದೆ.

"ಆ ಬೇಸ್ ವಾಪಸ್ ಬರಂಗ ಮಾಡಪ್ಪಾ."

"ಎಲ್ಲಿಂದ ತರ್ಲಿ ಅಮ್ಮಾರ? ಅದು ರೆಕಾರ್ಡಿನ್ಯಾಗ ಬಂದೇ ಇಲ್ರಿ. ಆ ಗುಂಯ್ ಅನ್ನಾದ್ರ ಜೋಡಿ ಮೊದ್ಲೇ ಕಟ್ ಆಗ್ಯದ." ಆಮೇಲೆ ದನಿ ತಗ್ಗಿಸಿ, "ಸರ್ ಅವರೇ ಅಂದ್ರಲ್ರಿ, ತೆಗಿ ಅಂತ."

ಹೌದು, ಅವರೇ.

ಯಜಮಾನರಿಗೆ ಆ ರೆಕಾರ್ಡಿಂಗ್ ಬಹಳ ಇಷ್ಟ. ನೋಡಲು ಬಂದವರಿಗೆಲ್ಲ ಕೈಸನ್ನೆ ಮಾಡಿ ಹಾಕಿಸುತ್ತಾರೆ. "ಎಷ್ಟ್ ಕ್ಲಿಯರ್ ಅದರಿ ಸರ್!" ಎಂದರೆ ಕಣ್ಣರಳಿಸುತ್ತಾರೆ. ಹಾಡುವವರಿಗೆ ತಮ್ಮ ದನಿ ಹೊರಗೆ ಹೇಗೆ ಕೇಳುತ್ತದೆಂದು ತಿಳಿಯುವುದಿಲ್ಲವೇನೋ. ಅದರಲ್ಲಿ ತಳವೇ ಇಲ್ಲವೆಂದು ನಾನು ಹೇಳಲಿಲ್ಲ. ವಾಟ್ ಫಾರ್?

ಈಚೆಗೆ ಕಣ್ಣು ಮುಚ್ಚಿ ಆ ಹಳೆಯ ದನಿಯನ್ನು ನೆನೆಯಲು ಕೂತರೆ ಮೊದಲು ಬರುವುದು ಈ ತೆಳ್ಳನೆಯದೇ. ಅದನ್ನು ಸರಿಸಿ ಹಿಂದಿನದಕ್ಕೆ ಹೋಗಲು ಹೆಚ್ಚು ಹೆಚ್ಚು ಹೊತ್ತು ಬೇಕಾಗುತ್ತಿದೆ. ನಿನ್ನೆ ಹೋಗಲಾಗಲೇ ಇಲ್ಲ.