ಏಸಿ ಅಕ್ಕನ ಕೆಂಪು ಅಕ್ಷರ
ಹಳೆಯ ಏಸಿ ಕೆಟ್ಟಿತೆಂದರೆ ಈ ಬೀದಿಯವರು ಕರೆಯುವುದು ಏಸಿ ಅಕ್ಕನನ್ನೇ. ಬರುವಾಗಲೇ ಬೈದುಕೊಂಡು ಬರುತ್ತಾಳೆ. ಏಣಿ ಹತ್ತಿದ ಮೇಲೆ ಬೈಗುಳ ಇನ್ನೂ ಸ್ಪಷ್ಟವಾಗಿ ಕೇಳಿಸುತ್ತದೆ. ಮುಚ್ಚಳ ಬಿಚ್ಚಿ, ಮುನಿಸಿಕೊಂಡ ಅಜ್ಜಿಯನ್ನು ಮಾತಾಡಿಸುವಂತೆ, "ಹೊಟ್ಟೇಲಿ ಯಾವ ಗ್ಯಾಸಿದೆ, ಹೇಳಮ್ಮ" ಎಂದು ಯಂತ್ರವನ್ನೇ ವಿಚಾರಿಸುತ್ತಾಳೆ. ಅದಕ್ಕೆ ಹುಟ್ಟಿನಿಂದ ಒಗ್ಗಿದ ಗ್ಯಾಸು ಈಗ ಅಂಗಡಿಯಲ್ಲಿ ಸಿಗುವುದೇ ಕಷ್ಟ, ಬದಲಿಗೆ ಬಗೆಬಗೆಯವು ಬಂದಿವೆ. "ಅಗ್ಗದ್ದು ಹಾಕಮ್ಮ, ಜಾಸ್ತಿ ತಂಪಾಗುತ್ತಂತೆ" ಎಂದು ಮನೆ ಯಜಮಾನ ಬಾಯಿ ಹಾಕಿದನೋ, ಮುಗಿಯಿತು. "ಅದು ಒಲೆ ಉರಿಸೋ ಜಾತಿದು ಸ್ವಾಮಿ. ಈ ಅಜ್ಜಿ ಅದನ್ನ ತಡ್ಕೊಳ್ಳೋಕೆ ಹುಟ್ಟಿದವಳಲ್ಲ. ನಾನು ಹಾಕೋದ್ರಲ್ಲಿ ತಂಪು ಒಂಚೂರು ಕಮ್ಮಿ, ನಿದ್ದೆ ಜಾಸ್ತಿ." ಬೆಂಕಿಯನ್ನೇ ತಂಪೆಂದು ಮಾರಿದವರು ಕಾರಿನಲ್ಲಿ ತಿರುಗುವ ಊರಿನಲ್ಲಿ ಅವಳು ಸ್ಕೂಟರಿನ ಮೇಲೆ ತಲೆಯೆತ್ತಿ ತಿರುಗುತ್ತಾಳೆ. ಹಳೆಯ ಗ್ಯಾಸನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ಎಳೆದುಕೊಂಡು, ಹೊಸದನ್ನು ತುಂಬಿ, ಕೊನೆಗೆ ಯಂತ್ರದ ಬೆನ್ನಿಗೊಂದು ತಗಡಿನ ಫಲಕ ಅಂಟಿಸುತ್ತಾಳೆ. ಅದರ ಮೇಲೆ ಒಳಗಿರುವ ಗ್ಯಾಸಿನ ಹೆಸರು, ಕೆಂಪು ಬಣ್ಣದಲ್ಲಿ. "ಅಲ್ಲಿ ಯಾರಮ್ಮ ಓದ್ತಾರೆ?" ಎಂದು ಕೇಳಿದರೆ, "ನನ್ನ ನಂತರ ಬರೋ ಮೆಕ್ಯಾನಿಕ್ಕು" ಎನ್ನುತ್ತಾಳೆ. ಇಂಥ ಫಲಕವಿಲ್ಲದ ಏಸಿಯೊಂದರಲ್ಲಿ ಯಾರೋ ಅಗ್ಗದ ಗ್ಯಾಸು ತುಂಬಿದ್ದು ತಿಳಿಯದೆ ಬೆಸುಗೆಯ ಬೆಂಕಿ ಹಿಡಿದವನು ಅವಳ ಅಣ್ಣ, ಅವಳಿಗೆ ಈ ಕೆಲಸ ಕಲಿಸಿದವನು. ಅಂದು ಸುಟ್ಟ ಅವನ ಬಲಗೈ ಈಗ ಮಡಚುವುದಿಲ್ಲ. ಫಲಕ ನೋಡಿ ಯಾರಾದರೂ ಅಕ್ಷರ ಮುದ್ದಾಗಿದೆ ಎಂದರೆ ಮಾತ್ರ ಅವಳ ಬೈಗುಳ ನಿಂತು, ಎದೆ ಉಬ್ಬುತ್ತದೆ: "ನಮ್ಮಣ್ಣ ಬರೆದದ್ದು. ಎಡಗೈಲಿ."